ನಾಲ್ಕು ಚರ್ಮದ ಪಟ್ಟಿ, ಒಂದೇ ಕತ್ತಿ

ನನ್ನ ಹತ್ತಿರ ಈಗ ನಾಲ್ಕು ಸ್ಟ್ರಾಪ್ ಇವೆ, ಅಂದರೆ ಶೇವ್‌ಗೆ ಮುಂಚೆ ಕ್ಷೌರದ ಕತ್ತಿಯನ್ನು ಎಳೆದು ಹದ ಮಾಡುವ ಚರ್ಮದ ಪಟ್ಟಿಗಳು. ನಾಲ್ಕು ಬೇಕು ಅಂತ ಕೊಂಡಿದ್ದಲ್ಲ. ಮೊದಲನೆಯದಕ್ಕೆ ಗಾಯ ಆಯ್ತು ಅಂತ ಎರಡನೆಯದು ಬಂತು, ಎರಡನೆಯದು ಕೈಗೆ ಒಗ್ಗಲಿಲ್ಲ ಅಂತ ಮೂರನೆಯದು, ನಾಲ್ಕನೆಯದು ಮಾತ್ರ ಆಸೆಪಟ್ಟು ಕೊಂಡದ್ದು. ಈಚೆಗೆ ಎರಡು ತಿಂಗಳು ಒಂದೇ ಸ್ಟ್ರೈಟ್ ರೇಜರ್ (ಹಳೆಯ ಕಾಲದ ಉದ್ದ ಅಲಗಿನ ಕ್ಷೌರದ ಕತ್ತಿ) ಇಟ್ಟುಕೊಂಡು ನಾಲ್ಕನ್ನೂ ಸರದಿಯಲ್ಲಿ ಬಳಸಿದೆ. ಒಂದೊಂದಕ್ಕೆ ಎರಡು ವಾರ. ಪ್ರತಿ ಸರದಿಗೆ ಮುಂಚೆ ಕತ್ತಿಯನ್ನು ಅದೇ ಸಾಣೆ ಕಲ್ಲಿನ ಮೇಲೆ ಅಷ್ಟೇ ಸಲ ಎಳೆದು ಒಂದೇ ಹದಕ್ಕೆ ತಂದುಕೊಳ್ಳುತ್ತಿದ್ದೆ, ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇರುವುದಿಲ್ಲ ಅಲ್ವಾ. ಶೇವ್ ಮುಗಿದ ಮೇಲೆ ಗದ್ದದ ಕೆಳಗೆ ಹೇಗಿತ್ತು, ಕೂದಲು ಎಲ್ಲಿ ಜಗ್ಗಿತು ಅಂತ ಎರಡು ಸಾಲು ಬರೆದಿಡುತ್ತಿದ್ದೆ. ಇಲ್ಲಿರುವುದೆಲ್ಲ ಆ ಸಾಲುಗಳಿಂದ ಬಂದದ್ದು.

ಮೊದಲು ಒಂದು ಮಾತು. ಚರ್ಮ ಕತ್ತಿಯನ್ನು ಮಸೆಯುವುದಿಲ್ಲ. ಅದು ಕಲ್ಲಿನ ಕೆಲಸ. ಕಲ್ಲು ಉಕ್ಕನ್ನು ತೆಗೆಯುತ್ತದೆ, ಚರ್ಮ ಕತ್ತಿಯ ಬಾಯಿಯ, ಅಂದರೆ ಕತ್ತರಿಸುವ ಅಂಚಿನ, ತೀರಾ ತುದಿಯನ್ನು ಒರೆಸಿ, ನೇರ ಮಾಡಿ, ನಯಗೊಳಿಸುತ್ತದೆ. ಚೆನ್ನಾಗಿ ಮಸೆದ ಕ್ಷೌರದ ಕತ್ತಿಯ ತುದಿ ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ಅಷ್ಟು ತೆಳುವಾದ ಉಕ್ಕಿಗೆ ಗಡ್ಡದ ಕೂದಲೂ ಒಂದು ಪೆಟ್ಟೇ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ, ಆದರೂ ಅದು ಬ್ಲೇಡಿನ ಬಾಯಿಯಿಂದ ಚೂರು ಎಬ್ಬಿಸಬಲ್ಲದು ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದ್ದಾರೆ. ಅವರು ಪರೀಕ್ಷೆ ಮಾಡಿದ್ದು ಬಳಸಿ ಬಿಸಾಡುವ ಬ್ಲೇಡುಗಳನ್ನು. ಕೂದಲು ಓರೆಯಾಗಿ ಬಾಗಿದಾಗ, ಉಕ್ಕಿನೊಳಗೆ ಗಟ್ಟಿ ಜಾಗವೂ ಮೆತ್ತನೆ ಜಾಗವೂ ಅಕ್ಕಪಕ್ಕ ಸೇರುವ ಕಡೆ ಚೂರು ಏಳುತ್ತದೆ. ಅದನ್ನು ಓದಿದ ಮೇಲೆ ದಿನಾ ಸ್ಟ್ರಾಪ್ ಮಾಡುವುದು ಬರೀ ಶಾಸ್ತ್ರಕ್ಕೆ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಹೊಸಬರು ಎಲ್ಲರೂ ಕೇಳುವುದು ಯಾವ ಚರ್ಮ ಒಳ್ಳೆಯದು ಅಂತ. ನಾನೂ ಅದನ್ನೇ ಕೇಳಿದ್ದೆ. ಈಗ ನನ್ನನ್ನು ಕೇಳಿದರೆ ಚರ್ಮದ ಹೆಸರು ಆಮೇಲೆ ನೋಡೋಣ, ಎಳೆತ ಎಷ್ಟು ಬೇಕು ಹೇಳಿ ಅನ್ನುತ್ತೇನೆ. ಎಳೆತ ಅಂದರೆ ಅಲಗು ಪಟ್ಟಿಯ ಮೇಲೆ ಸರಿಯುವಾಗ ಚರ್ಮ ಅದನ್ನು ಎಷ್ಟು ಹಿಡಿದುಕೊಳ್ಳುತ್ತದೆ ಅನ್ನುವುದು. ಕೆಲವು ಪಟ್ಟಿಗಳ ಮೇಲೆ ಕತ್ತಿ ಗಾಜಿನ ಮೇಲೆ ಹೋದ ಹಾಗೆ ಜಾರುತ್ತದೆ. ಕೆಲವು ಅಂಟಿಕೊಂಡ ಹಾಗೆ ತಡೆಯುತ್ತವೆ. ಜಾಸ್ತಿ ಎಳೆತ ಇದ್ದರೆ ಜಾಸ್ತಿ ಹರಿತ ಅಂತ ಒಂದು ನಂಬಿಕೆ ಇದೆ. ನನ್ನ ಎರಡು ತಿಂಗಳ ಸಾಲುಗಳಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ನಾಲ್ಕೂ ಪಟ್ಟಿಗಳ ಮೇಲೆ ಕೈ ಸರಿಯಾಗಿ ಆಡಿದ ದಿನ ಶೇವ್ ಹೆಚ್ಚುಕಡಿಮೆ ಒಂದೇ ಥರ ಇತ್ತು. ವ್ಯತ್ಯಾಸ ಇದ್ದದ್ದು ಬೇರೆ ಕಡೆ: ಕೈ ತಪ್ಪಿದಾಗ ಯಾವ ಪಟ್ಟಿ ಅದನ್ನು ನನಗೆ ಹೇಳಿತು, ಯಾವುದು ಹೇಳಲಿಲ್ಲ ಅನ್ನುವುದರಲ್ಲಿ.

ಮೊದಲನೆಯದು ಎರಡು ಇಂಚು ಅಗಲದ ದನದ ಚರ್ಮ. ಮರದ ಕಷಾಯದಲ್ಲಿ ಹದ ಮಾಡಿದ್ದು, ಗಟ್ಟಿ, ಮೇಲ್ಮೈ ಹೊಳೆಯುತ್ತಿತ್ತು. ಎಳೆತ ಬಹಳ ಕಮ್ಮಿ. ಹೊಸದರಲ್ಲಿ ಎಷ್ಟು ಬಿರುಸಾಗಿತ್ತು ಅಂದರೆ ಅಂಗೈಯಿಂದ ದಿನಾ ಉಜ್ಜಿ ಉಜ್ಜಿ ಅದು ಬಗ್ಗುವ ಹೊತ್ತಿಗೆ ಮೂರು ವಾರ ಆಗಿತ್ತು. ಎಳೆತ ಇಲ್ಲದ ಪಟ್ಟಿಯ ತೊಂದರೆ ಏನು ಅಂದರೆ, ನೀವು ಒತ್ತುತ್ತಿದ್ದೀರಾ, ಅಲಗು ಪೂರ್ತಿ ಕೂತಿದೆಯಾ, ಕತ್ತಿಯ ಬೆನ್ನು (ಬಾಯಿಗೆ ಎದುರಿನ ದಪ್ಪ ಅಂಚು) ಎದ್ದಿದೆಯಾ, ಒಂದೂ ಕೈಗೆ ಗೊತ್ತಾಗುವುದಿಲ್ಲ. ಹೊಸ ಕೈ ಒತ್ತುತ್ತದೆ. ಒತ್ತಿದರೆ ಚರ್ಮ ಕುಸಿದು ಅಲಗಿನ ತುದಿಯ ಮೇಲೆ ಸುತ್ತಿಕೊಳ್ಳುತ್ತದೆ, ಬಾಯಿ ದುಂಡಗಾಗುತ್ತದೆ. ಶೇವ್ ದಿನದಿಂದ ದಿನಕ್ಕೆ ಕೆಡುತ್ತಾ ಹೋಯಿತು. ನಾನು ಕಲ್ಲನ್ನು ದೂರಿದೆ, ಸೋಪನ್ನು ದೂರಿದೆ. ತಪ್ಪು ಇದ್ದದ್ದು ಮಣಿಕಟ್ಟಿನ ಭಾರದಲ್ಲಿ.

ಗಾಯ ಆದದ್ದೂ ಅದಕ್ಕೇ. ಸ್ಟ್ರಾಪ್ ಮಾಡುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆಗೆ ಬಂದಾಗ ಬಾಯಿಯನ್ನು ಮೇಲೆತ್ತಿ, ಬೆನ್ನು ಚರ್ಮ ಬಿಡದ ಹಾಗೆ ಅದರ ಮೇಲೇ ಹೊರಳಿಸಿ ವಾಪಸ್ ಹೋಗಬೇಕು. ಅವತ್ತು ಹೊರಳು ಮುಗಿಯುವ ಮೊದಲೇ ಕೈ ವಾಪಸ್ ಹೊರಟಿತ್ತು. ಟಕ್ ಅಂತ ಒಂದು ಸಣ್ಣ ಸದ್ದು, ಹೆಬ್ಬೆರಳಿನ ಉಗುರು ಮುರಿದ ಹಾಗೆ. ನೋಡಿದರೆ ಅಂಚಿನಿಂದ ಅರ್ಧ ಇಂಚು ಒಳಗೆ ಬೆಳ್ಳುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಚರ್ಮ ಎದ್ದು ನಿಂತಿತ್ತು. ಅದರಡಿಯ ಚರ್ಮ ಬೆಳ್ಳಗೆ, ಹಸಿಯಾಗಿ ಕಾಣುತ್ತಿತ್ತು. ರಬ್ಬರ್ ಅಂಟು ಹಚ್ಚಿ ಒತ್ತಿ ಕೂರಿಸಿ, ಒಣಗಿದ ಮೇಲೆ 600 ನಂಬರಿನ ಉಪ್ಪು ಕಾಗದದಿಂದ ಮೆಲ್ಲಗೆ ಉಜ್ಜಿದೆ. ಆಮೇಲೆ ಬಳಸುವಂತಾಯಿತು. ಆದರೆ ಚರ್ಮಕ್ಕೆ ಹೊಡೆದ ಕತ್ತಿಗೂ ಪೆಟ್ಟಾಗಿರುತ್ತದೆ, ಅದನ್ನು ಮರೆಯಬೇಡಿ. ಮತ್ತೆ ಕಲ್ಲಿಗೆ ಹೋಗದೆ ಆ ಕತ್ತಿಯಿಂದ ಶೇವ್ ಮಾಡಲು ಆಗಲಿಲ್ಲ.

ಎರಡನೆಯದು ಲ್ಯಾಟಿಗೋ ಅನ್ನುವ ಚರ್ಮ, ಮೂರು ಇಂಚು. ಇದನ್ನು ಮೊದಲು ಕ್ರೋಮ್ ಉಪ್ಪಿನಲ್ಲಿ, ಆಮೇಲೆ ಮರದ ಕಷಾಯದಲ್ಲಿ, ಹೀಗೆ ಎರಡು ಸಲ ಹದ ಮಾಡಿ, ಎಣ್ಣೆ ಮೇಣ ಚೆನ್ನಾಗಿ ಕುಡಿಸಿರುತ್ತಾರೆ. ಮುಟ್ಟಿದರೆ ಜಿಡ್ಡು ಜಿಡ್ಡು. ಎಳೆತ ನಾಲ್ಕರಲ್ಲಿ ಇದಕ್ಕೇ ಜಾಸ್ತಿ. ಮೊದಲ ದಿನ ಕತ್ತಿ ತಡೆದು ತಡೆದು ಹೋಯಿತು, ನನಗೆ ಗಾಬರಿ. ಇಷ್ಟು ಹಿಡಿದುಕೊಳ್ಳುವ ಚರ್ಮದ ಮೇಲೆ ಸಹಜವಾಗಿ ಕತ್ತಿಯನ್ನು ಇನ್ನೂ ಒತ್ತಿ ಎಳೆಯೋಣ ಅನ್ನಿಸುತ್ತದೆ, ಹಾಗೆ ಎಳೆದಾಗ ಪಟ್ಟಿ ಜೋತು ಬೀಳುತ್ತದೆ, ಜೋತು ಬಿದ್ದ ಪಟ್ಟಿ ಮತ್ತೆ ಬಾಯಿಯನ್ನು ದುಂಡಗೆ ಮಾಡುತ್ತದೆ. ಅಭ್ಯಾಸ ಇರುವವರಿಗೆ ಇದು ಬಹಳ ಇಷ್ಟ. ಅವರ ಮೆಚ್ಚುಗೆ ನನಗೆ ಅರ್ಥವಾಗುತ್ತದೆ, ಏಕೆಂದರೆ ಅಲಗಿನ ಒಂದು ಮೂಲೆ ಎದ್ದರೂ ಎಳೆತ ಥಟ್ಟನೆ ಬದಲಾಗಿ ಬೆರಳಿಗೆ ತಿಳಿಯುತ್ತದೆ. ಆದರೆ ಮೊದಲ ಪಟ್ಟಿಯಾಗಿ ಇದನ್ನು ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಮೂರನೆಯದು ಬ್ರೈಡಲ್ ಚರ್ಮ. ಕುದುರೆಯ ಲಗಾಮು, ಕಡಿವಾಣಗಳಿಗೆ ಬಳಸುವ ಜಾತಿ, ಎರಡೂವರೆ ಇಂಚು. ಇದರಲ್ಲೂ ಮೇಣ, ಕೊಬ್ಬು ಕುಡಿಸಿರುತ್ತಾರೆ, ಆದರೆ ಚರ್ಮ ಬಿಗಿ, ಎಳೆತ ನಡುಮಧ್ಯ. ಇದನ್ನು ಹಿಡಿದ ಎರಡನೆಯ ದಿನ ನನಗೆ ಮೊದಲ ಸಲ ಸದ್ದು ಕೇಳಿಸಿತು. ನನ್ನ ಕತ್ತಿ 5/8 ಇಂಚು ಅಳತೆಯದು, ಅಂದರೆ ಬೆನ್ನಿನಿಂದ ಬಾಯಿಯವರೆಗೆ ಸುಮಾರು 16 ಮಿಲಿಮೀಟರ್, ಪಕ್ಕಗಳು ಪೂರ್ತಿ ಒಳಗೆ ತಗ್ಗಿರುವ ತೆಳು ಅಲಗು. ಅಂಥ ಅಲಗು ಚರ್ಮದ ಮೇಲೆ ಹೋಗುವಾಗ ಹಾಡುತ್ತದೆ. ಸರಿಯಾದ ಭಾರದಲ್ಲಿ ಹೋದರೆ ಸುಯ್ ಅಂತ ಒಂದೇ ಸಮ, ಹೋಗುವಾಗಲೂ ಬರುವಾಗಲೂ ಅದೇ ಸ್ವರ. ಒತ್ತಿದರೆ ಸದ್ದು ಮಂಕಾಗುತ್ತದೆ. ಬರುವ ಕಡೆಯ ಸದ್ದು ಬೇರೆ ಇದ್ದರೆ ಆ ಬದಿಗೆ ಕೈ ವಾಲಿದೆ ಅಂತಲೇ ಅರ್ಥ. ನನ್ನ ಬರುವ ಕಡೆಯದು ತಿಂಗಳುಗಟ್ಟಲೆ ವಾಲಿತ್ತು ಅಂತ ಗೊತ್ತಾದದ್ದು ಈ ಪಟ್ಟಿಯ ಮೇಲೆ, ಕಣ್ಣು ಮುಚ್ಚಿಕೊಂಡು ಕೇಳಿದಾಗ. ಗದ್ದದ ಎಡಭಾಗ ಯಾವಾಗಲೂ ಉರಿಯುತ್ತಿದ್ದದ್ದು ಆ ವಾರದಿಂದ ನಿಂತಿತು.

ನಾಲ್ಕನೆಯದು ಕಾರ್ಡೋವನ್. ಇದು ನಿಜಕ್ಕೂ ತೊಗಲಿನ ಮೇಲ್ಪದರ ಅಲ್ಲ, ಕುದುರೆಯ ಹಿಂಭಾಗದಲ್ಲಿ ತೊಗಲಿನ ಒಳಗಿರುವ ಒತ್ತಾದ ನಾರಿನ ಪದರ. ಒಂದು ಕುದುರೆಗೆ ಎರಡೇ ತುಂಡು, ಅದೂ ಚಿಕ್ಕವು. ಶಿಕಾಗೋದಲ್ಲಿ 1905ರಿಂದ ಇರುವ ಹಾರ್ವೀನ್ ಚರ್ಮದ ಕಾರ್ಖಾನೆ ಇದಕ್ಕೆ ಹೆಸರುವಾಸಿ, ಅಲ್ಲಿ ಒಂದು ತುಂಡು ತಯಾರಾಗಲು ಕನಿಷ್ಠ ಆರು ತಿಂಗಳು ಬೇಕು. ದುಬಾರಿ ಯಾಕೆ ಅಂತ ಬೇರೆ ಹೇಳಬೇಕಿಲ್ಲ. ಮುಟ್ಟಿದರೆ ಬೆಣ್ಣೆ ಹಾಗಿದೆ. ಎಳೆತ ಕಮ್ಮಿ, ಆದರೆ ಮೊದಲನೆಯ ಪಟ್ಟಿಯ ಹಾಗೆ ಮೂಕ ಅಲ್ಲ. ಕೈ ಪಳಗಿದ ಮೇಲೆ ಇದರಷ್ಟು ಖುಷಿ ಕೊಡುವ ಪಟ್ಟಿ ಇನ್ನೊಂದಿಲ್ಲ. ಶೇವ್ ಮಾತ್ರ ಬ್ರೈಡಲ್‌ನಿಂದ ಸಿಕ್ಕಿದ್ದೇ ಇದರಿಂದಲೂ ಸಿಕ್ಕಿತು. ಖುಷಿಗೆ ದುಡ್ಡು ಕೊಡುವುದಾದರೆ ಕೊಡಿ, ಹರಿತಕ್ಕಾಗಿ ಕೊಡಬೇಡಿ.

ರಷ್ಯನ್ ಚರ್ಮ ಅಂತ ಬರೆದ ಪಟ್ಟಿಗಳೂ ನಿಮಗೆ ಸಿಗುತ್ತವೆ. ಹಳೆಯ ಕಾಲದ ರಷ್ಯನ್ ಚರ್ಮ ಅಂದರೆ ಬರ್ಚ್ ಮರದ ಎಣ್ಣೆ ಕುಡಿಸಿ ಹದ ಮಾಡಿದ್ದು, ಅದಕ್ಕೊಂದು ಹೊಗೆಯಂಥ ವಾಸನೆ. ಅಂಥ ಚರ್ಮ ತುಂಬಿಕೊಂಡು ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಹೊರಟ ಮೆಟ್ಟಾ ಕ್ಯಾಥರಿನಾ ಅನ್ನುವ ಹಡಗು 1786ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಳಿ ಮುಳುಗಿತು. 1973ರಲ್ಲಿ ಮುಳುಗುಗಾರರಿಗೆ ಅದು ಸಿಕ್ಕಾಗ ಒಳಗಿನ ಚರ್ಮ ಇನ್ನೂ ಬಳಸುವ ಸ್ಥಿತಿಯಲ್ಲಿತ್ತು. ಸುಮಾರು ಇನ್ನೂರು ವರ್ಷ ಸಮುದ್ರದಡಿ! ಆದರೆ ಇವತ್ತು ಸ್ಟ್ರಾಪ್ ಮೇಲೆ ಆ ಹೆಸರು ಕಂಡರೆ ಅದು ಆ ಚರ್ಮ ಅಂತ ತಿಳಿಯಬೇಡಿ. ಬಹಳ ಸಲ ಅದು ಬರೀ ಮೇಲ್ಮೈಯ ವಿನ್ಯಾಸದ ಹೆಸರು.

ಅಗಲದ ವಿಷಯ ಬೇಗ ಹೇಳಿಬಿಡುತ್ತೇನೆ. ಕತ್ತಿಯ ಬಾಯಿ ಸುಮಾರು ಮೂರು ಇಂಚು ಉದ್ದ. ಮೂರು ಇಂಚಿನ ಪಟ್ಟಿಯಾದರೆ ಪೂರ್ತಿ ಬಾಯಿ ಒಂದೇ ಸಲ ಕೂರುತ್ತದೆ, ನೇರ ಎಳೆದರೆ ಸಾಕು. ಅದಕ್ಕಿಂತ ಕಿರಿದಾದರೆ ಹಿಡಿಯ ಕಡೆಯಿಂದ ತುದಿಯ ಕಡೆಗೆ ಜಾರಿಸುತ್ತಾ ಓರೆಯಾಗಿ ಎಳೆಯಬೇಕು, ಇದನ್ನೇ ಎಕ್ಸ್ ಸ್ಟ್ರೋಕ್ ಅನ್ನುವುದು. ಶುರುವಿಗೆ ಅಗಲ ಇರುವುದೇ ಸುಲಭ. ಆದರೆ ನಿಮ್ಮ ಕತ್ತಿಯ ಬಾಯಿ ನೇರ ಇಲ್ಲದೆ ನಗುವಿನ ಹಾಗೆ ಬಾಗಿದ್ದರೆ ಅಗಲ ಪಟ್ಟಿಯ ಮೇಲೆ ನೇರ ಎಳೆದಾಗ ಎರಡು ತುದಿಗಳೂ ಚರ್ಮ ಮುಟ್ಟುವುದೇ ಇಲ್ಲ. ಅಂಥದಕ್ಕೆ ಎರಡು, ಎರಡೂವರೆ ಇಂಚೇ ವಾಸಿ. ಕೊಳ್ಳುವಾಗ ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕಿಗೆ ನೋಡಿ. ಅಲೆ, ಸುಕ್ಕು, ಅಂಚು ಮಡಚಿಕೊಂಡದ್ದು ಕಂಡರೆ ಬೇಡ. ಚರ್ಮ ಎಷ್ಟೇ ದೊಡ್ಡ ಹೆಸರಿನದಾಗಲಿ, ಸಪಾಟಾಗಿಲ್ಲದಿದ್ದರೆ ಕೆಲಸಕ್ಕೆ ಬರುವುದಿಲ್ಲ. ಉದ್ದ ಕಮ್ಮಿ ಇದ್ದರೆ ಪದೇ ಪದೇ ಹೊರಳಿಸಬೇಕಾಗುತ್ತದೆ, ಗಾಯ ಆಗುವುದು ಹೊರಳಿಸುವಾಗಲೇ. ತೂಗುಹಾಕಲು ಜಾಗ ಇಲ್ಲದವರಿಗೆ, ಪ್ರಯಾಣದಲ್ಲಿ ಇರುವವರಿಗೆ ಮರದ ಹಲಗೆಗೆ ಚರ್ಮ ಅಂಟಿಸಿದ ಪ್ಯಾಡಲ್ ಸ್ಟ್ರಾಪ್ ಇದೆ. ಅದು ಜೋತು ಬೀಳುವ ಪ್ರಶ್ನೆಯೇ ಇಲ್ಲ, ಅದೊಂದು ನಿಜವಾದ ಅನುಕೂಲ.

ನನ್ನ ಸಾಲುಗಳಲ್ಲಿ ಚರ್ಮಕ್ಕಿಂತ ದೊಡ್ಡ ವ್ಯತ್ಯಾಸ ಕೊಟ್ಟದ್ದು ಬಟ್ಟೆ. ಬಹಳ ಸ್ಟ್ರಾಪ್‌ಗಳಿಗೆ ಚರ್ಮದ ಹಿಂದೆ ಲಿನನ್ ಅಥವಾ ಹತ್ತಿಯ ಕ್ಯಾನ್ವಾಸ್ ಪಟ್ಟಿ ಇರುತ್ತದೆ. ಅದನ್ನು ಅಲಂಕಾರ ಅಂದುಕೊಂಡು ನಾನು ಮುಟ್ಟುತ್ತಲೇ ಇರಲಿಲ್ಲ. ಈಗ ಬಟ್ಟೆಯ ಮೇಲೆ 30 ಸಲ, ಚರ್ಮದ ಮೇಲೆ 60 ಸಲ. ಹೋಗಿ ಬಂದರೆ ಒಂದು ಲೆಕ್ಕ. ಹಿಂದಿನ ಶೇವ್‌ನಲ್ಲಿ ಉಳಿದ ಸೋಪಿನ ಪದರ, ಕಣ್ಣಿಗೆ ಕಾಣದ ತುಕ್ಕು, ಎಲ್ಲವನ್ನೂ ಬಟ್ಟೆ ಒರೆಸಿ ತೆಗೆಯುತ್ತದೆ. ಬಟ್ಟೆ ಬಿಟ್ಟ ದಿನಗಳಲ್ಲಿ ಆರೇಳು ಶೇವ್ ಆಗುವ ಹೊತ್ತಿಗೆ ಮೀಸೆಯ ಜಾಗದಲ್ಲಿ ಕೂದಲು ಜಗ್ಗಲು ಶುರುವಾಗುತ್ತಿತ್ತು. ಬಟ್ಟೆ ಬಳಸಿದ ಎರಡು ವಾರ ಪೂರ್ತಿ ಆ ದೂರು ಬರೆಯುವ ಪ್ರಸಂಗ ಬರಲಿಲ್ಲ. ಆದ್ದರಿಂದ ಕೊಳ್ಳುವಾಗ ಚರ್ಮ ಒಂದು ದರ್ಜೆ ಕಮ್ಮಿ ಆದರೂ ಪರವಾಗಿಲ್ಲ, ಒಳ್ಳೆಯ ಬಟ್ಟೆ ಇರುವುದನ್ನೇ ಆರಿಸಿ.

ಸ್ಟ್ರಾಪ್‌ಗೆ ಹಚ್ಚುವ ಹಸಿರು ಪೇಸ್ಟ್ ಬಗ್ಗೆ ಒಂದು ಎಚ್ಚರಿಕೆ. ಅದು ಕ್ರೋಮಿಯಂ ಆಕ್ಸೈಡ್, ಸಾಮಾನ್ಯವಾಗಿ 0.5 ಮೈಕ್ರಾನ್ ಪುಡಿ. ಅದು ಉಕ್ಕನ್ನು ನಿಜವಾಗಿಯೂ ಸವೆಸುತ್ತದೆ, ಮಂಕಾಗತೊಡಗಿದ ಕತ್ತಿಯನ್ನು ಹತ್ತು ಸಲ ಎಳೆದರೆ ಕಲ್ಲಿಗೆ ಹೋಗುವುದನ್ನು ಒಂದಷ್ಟು ದಿನ ಮುಂದೂಡಬಹುದು. ಆದರೆ ದಿನಾ ಬಳಸುವ ಚರ್ಮಕ್ಕೆ ಅದನ್ನು ಹಚ್ಚಬೇಡಿ. ಒಮ್ಮೆ ಹೊಕ್ಕ ಪುಡಿ ಪೂರ್ತಿ ಹೋಗುವುದಿಲ್ಲ. ಎಣ್ಣೆಯೂ ಅಷ್ಟೇ. ಶೇವ್‌ಗೆ ಮುಂಚೆ ಅಂಗೈಯನ್ನು ಚರ್ಮದ ಮೇಲೆ ಹತ್ತು ಸಲ ಬಿಸಿಯಾಗುವಷ್ಟು ಉಜ್ಜಿ, ಕೈಯ ಜಿಡ್ಡೇ ಅದಕ್ಕೆ ಸಾಕು. ಒಣಗಿ ಬಿರುಸಾಗಿದೆ ಅನ್ನಿಸಿದರೆ ಮಾತ್ರ ನೀಟ್ಸ್‌ಫೂಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆದ, ಚರ್ಮಕ್ಕೆ ಹಚ್ಚುವ ಎಣ್ಣೆ) ಎರಡು ಹನಿ. ಜಾಸ್ತಿ ಕುಡಿಸಿದರೆ ಚರ್ಮ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ.

ಮೊದಲ ಸಲ ಕೊಳ್ಳುವವರು ಬ್ರೈಡಲ್ ಅಥವಾ ಅದರಂಥ ನಡುಮಧ್ಯ ಎಳೆತದ, ಮೂರು ಇಂಚಿನ, ಬಟ್ಟೆ ಇರುವ, ದುಬಾರಿಯಲ್ಲದ ಪಟ್ಟಿ ಕೊಳ್ಳಿ. ಗಾಯ ಆಗುತ್ತದೆ, ಎಲ್ಲರಿಗೂ ಆಗುತ್ತದೆ. ನನ್ನ ಕಾರ್ಡೋವನ್ ಈಗ ವಾರಕ್ಕೊಮ್ಮೆ ಹೊರಗೆ ಬರುತ್ತದೆ, ಉಳಿದ ದಿನ ಬ್ರೈಡಲ್. ಮೊದಲಿನ ಎರಡು ಇಂಚಿನದನ್ನು ಒಂದು ಸಪಾಟಾದ ಹಲಗೆಗೆ ಅಂಟಿಸಿ ಹಸಿರು ಪೇಸ್ಟ್ ಹಚ್ಚಿಟ್ಟಿದ್ದೇನೆ, ಆ ಸಿಪ್ಪೆ ಎದ್ದ ಗುರುತು ಹಸಿರಿನ ಕೆಳಗೆ ಇನ್ನೂ ಕಾಣುತ್ತದೆ.