ನಮ್ಮ ಟಾಲೆಮಿ ಮೇಷ್ಟ್ರು

ಗಣಿತದ ಮೇಷ್ಟ್ರು ಹೋಗ್ಬಿಟ್ರಂತೆ ಅಂತ ಬ್ಯಾಚ್‌ನ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂತು. ಓಂ ಶಾಂತಿ, ಕೈಮುಗಿಯೋ ಎಮೋಜಿ ಎಲ್ಲಾ ಆದ್ಮೇಲೆ ಒಬ್ಬ "ಆ ಗೂಟದ ಕಥೆ ಯಾರಾದ್ರೂ ಸ್ಕೂಲ್ ಮ್ಯಾಗಜೀನಿಗೆ ಬರೀರೋ" ಅಂದ. ಬರೆಯೋದು ಅಂದ್ರೆ ನಾನೇ ತಾನೇ, ಸ್ಕೂಲಲ್ಲಿದ್ದಾಗ್ಲೂ ಪ್ರಬಂಧ ಸ್ಪರ್ಧೆಲಿ ಫಸ್ಟ್ ಪ್ರೈಜ್ ನಂದೇ ಇರ್ತಿತ್ತು.

ಅವರು ಹೇಳ್ಕೊಟ್ಟ ತ್ರಿಕೋನಮಿತಿ ಒಂದಕ್ಷರಾನೂ ನೆನಪಿಲ್ಲ. ನೆನಪಿರೋದು ಕಾರ್ಲ್ ಮನೀಟ್ಸಿಯಸ್. ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದ ಮೇಷ್ಟ್ರು, 1848ರಲ್ಲಿ ಹುಟ್ಟಿದವರು. ನಮ್ ಮೇಷ್ಟ್ರಿಗೆ ಅವರಂದ್ರೆ ಪ್ರಾಣ, ಯಾಕಂದ್ರೆ "ಅವನು ಯೂನಿವರ್ಸಿಟಿ ಪ್ರೊಫೆಸರ್ ಅಲ್ಲ ಕಣ್ರೋ, ನನ್ ಥರ ಹೈಸ್ಕೂಲ್ ಮೇಷ್ಟ್ರು!" ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ಬರೆದಿದ್ರಲ್ಲಿ ಪೂರ್ತಿ ಉಳ್ಕೊಂಡಿರೋದು ಒಂದೇ ಪುಸ್ತಕ, ಅದನ್ನ ಹಸ್ತಪ್ರತಿಗಳಿಂದ ತಿದ್ದಿ 1894ರಲ್ಲಿ ಅಚ್ಚು ಹಾಕ್ಸಿದ್ದು ಈ ಮನುಷ್ಯ, ಆಮೇಲೆ 1898ರಲ್ಲಿ ಜೆಮಿನಸ್, 1909ರಲ್ಲಿ ಪ್ರೋಕ್ಲಸ್ ಅನ್ನೋ ಗ್ರೀಕರ ಪುಸ್ತಕ, ಕೊನೆಗೆ ಅರವತ್ತು ದಾಟಿದ್ಮೇಲೆ 1912-13ರಲ್ಲಿ ಟಾಲೆಮಿ ಅನ್ನೋ ಹಳೇ ಖಗೋಳಜ್ಞನ ಆಲ್ಮಜೆಸ್ಟ್ ಅನ್ನೋ ಗ್ರಂಥ ಪೂರ್ತಿ ಜರ್ಮನ್‌ಗೆ, ಎರಡು ಸಂಪುಟ. ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಇರೋ ಪುಸ್ತಕ ಅದು, ಮಗ್ಗಿ ಥರ ಕೋಷ್ಟಕಗಳು, ಅದನ್ನ ಒಬ್ಬನೇ ಕೂತ್ಕೊಂಡು! ಹಿಪ್ಪಾರ್ಕಸ್ ತನಗಿಂತ ಹಳೇ ದಾಖಲೆ ಜೊತೆ ಹೋಲಿಸಿ ನೋಡಿ ಚಿತ್ತಾ ನಕ್ಷತ್ರ ಜರುಗಿದೆ ಅಂತ ಕಂಡ್ಕೊಂಡ, ಸೂರ್ಯ ಡಿಸೆಂಬರ್ 21ಕ್ಕೇ ಉತ್ತರಕ್ಕೆ ತಿರುಗಿದ್ರೂ ನಾವು ಎಳ್ಳು-ಬೆಲ್ಲ ಬೀರೋದು ಜನವರಿಲಿ ಯಾಕೆ ಅನ್ನೋದಕ್ಕೂ ಅದೇ ಕಾರಣ, ನಮ್ ಸಂಕ್ರಾಂತಿ ನಕ್ಷತ್ರದ ಲೆಕ್ಕದ್ದು ಅಂತ ಪಾಠ ಎಲ್ಲಿಂದೆಲ್ಲಿಗೋ ಹೋಗೋದು. ಪೋರ್ಷನ್ ಮಾತ್ರ ಮುಗೀತಿರ್ಲಿಲ್ಲ.

ಈಗ ಗೂಟ. ಮಾರ್ಚ್ 21ರ ಆಸುಪಾಸು ಹಗಲು-ರಾತ್ರಿ ಸಮ, ಆವತ್ತು ನೆಟ್ಟ ಕೋಲಿನ ನೆರಳಿನ ತುದಿ ಇಡೀ ದಿನ ಒಂದೇ ನೇರ ಗೆರೆಲಿ ಹೋಗುತ್ತೆ. ಅದನ್ನ ತೋರಿಸ್ಬೇಕು ಅಂತ ಮೈದಾನದಲ್ಲಿ ಕೋಲು ನೆಟ್ಟು ಗಂಟೆಗೊಂದು ಪುಟ್ಟ ಗೂಟ ಹೊಡೀತಾ ಇದ್ರು. ಊಟದ ಬಿಡುವಲ್ಲಿ ನಾವು ಮೂರ್ನಾಲ್ಕು ಜನ ಗೂಟಗಳನ್ನ ಆ ಕಡೆ ಈ ಕಡೆ ಸರಿಸಿ ಹೊಸ ಗುಂಡಿ ಹಳೇ ಗುಂಡಿ ಎಲ್ಲಾ ಕಾಲಲ್ಲಿ ಒರೆಸಿ ಏನೂ ಗೊತ್ತಿಲ್ಲದೋರ ಥರ ಹುಣಸೆಹಣ್ಣು ಚೀಪ್ತಾ ಕೂತ್ವಿ. ಸಂಜೆ ದಾರ ಕಟ್ಟಿ ನೋಡಿದ್ರೆ ಗೆರೆ ಹಾವಿನ ಥರ. ಬೆನ್ನಿಗೆ ಬೀಳುತ್ತೆ ಅಂತ ಕಾಯ್ತಿದ್ವಿ. ಮೇಷ್ಟ್ರು ಗೂಟ ನೋಡಿದ್ರು, ನಮ್ ಮಣ್ಣಾದ ಕಾಲು ನೋಡಿದ್ರು, ನಕ್ಬಿಟ್ರು. "ಟಾಲೆಮಿ ಮೇಲೂ ಇದೇ ಕಂಪ್ಲೇಂಟ್ ಇದೆ ಕಣ್ರೋ" ಅಂದ್ರು. ಹಗಲು-ರಾತ್ರಿ ಸಮ ಆದ ಹೊತ್ತನ್ನ ತಾನೇ ನೋಡಿದ್ದು ಅಂತ ಅವನು ಬರ್ಕೊಂಡಿದಾನೆ, ಆದ್ರೆ ಅದು ಸುಮಾರು ಒಂದು ದಿನ ತಪ್ಪು, ನಿಜವಾಗ್ಲೂ ನೋಡಿದ್ನಾ ಇಲ್ಲಾ ಹಳೇ ಲೆಕ್ಕಕ್ಕೆ ಹೊಂದೋ ಹಾಗೆ ಬರ್ದನಾ ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡ್ತಾರಂತೆ. ಆವತ್ತಿಂದ ಅವರು ಟಾಲೆಮಿ ಮೇಷ್ಟ್ರು. ಮಾರನೇ ದಿನ ಗೂಟ ಹೊಡೆಯೋ ಡ್ಯೂಟಿ ನಮಗೇ ಬಿತ್ತು, ಬಿಸಿಲಲ್ಲಿ, ಪೂರ್ತಿ ದಿನ.

ಆಮೇಲೆ ನಾನು ಚಿಪ್ ಡಿಸೈನ್ ಫೀಲ್ಡಿಗೆ ಬಂದು (ನಮ್ ಬ್ಯಾಚಲ್ಲಿ ನಾನೊಬ್ನೇ) ಕಂಪನಿ ಕೆಲಸದ ಮೇಲೆ ಡ್ರೆಸ್ಡೆನ್‌ಗೇ ಹೋದೆ. ಭಾನುವಾರ ಎಲ್ಲರೂ ಅರಮನೆ ನೋಡಕ್ಕೆ ಹೋದ್ರೆ ನಾನು ಮನೀಟ್ಸಿಯಸ್ ಹುಡುಕ್ತಿದ್ದೆ. ಆಗ ಸಿಕ್ಕಿದ ವಿಷಯ: 1888ರಲ್ಲಿ ಹಿಪ್ಸಿಕ್ಲೀಸ್ ಅನ್ನೋ ಗ್ರೀಕನ ಬಗ್ಗೆ ಅವರು ಬರೆದ ಲೇಖನ ಬಂದಿದ್ದು ಅಲ್ಲಿನ ಹೋಲಿ ಕ್ರಾಸ್ ಸ್ಕೂಲಿನ ವಾರ್ಷಿಕ ವರದಿ ಜೊತೆ. ಆಗ ಜರ್ಮನಿಲಿ ಅದೇ ಪದ್ಧತಿ, ಮೇಷ್ಟ್ರೊಬ್ರ ಸಂಶೋಧನೆ, ಜೊತೆಗೆ ಸ್ಕೂಲಿನ ವರದಿ. ಸಂಗೀತಗಾರ ವಾಗ್ನರ್ ಓದಿದ ಸ್ಕೂಲು ಅದು, ಹಳೇ ಕಟ್ಟಡ 1945ರ ಬಾಂಬಿಗೆ ಹೋಯ್ತು. ಮೇಷ್ಟ್ರಿಗೆ ಫೋನ್ ಮಾಡ್ದೆ. "ಸ್ಕೂಲ್ ಮ್ಯಾಗಜೀನಲ್ಲೇನೋ!" ಅಂತ ಎರಡು ಸಲ ಕೇಳಿದ್ರು, ಆಮೇಲೆ "ನಮ್ದರಲ್ಲಿ ಬರೀ ನಗೆಹನಿ ಹಾಕ್ತಾರೆ" ಅಂತ ಬೈದ್ರು.

ಈಗಿನ ಮೇಷ್ಟ್ರುಗಳನ್ನ ಬೈಯೋಕೆ ಮನಸ್ಸಿಲ್ಲ. ಚುನಾವಣೆ ಡ್ಯೂಟಿ, ಗಣತಿ, ಬಿಸಿಯೂಟದ ಲೆಕ್ಕ, ಆ್ಯಪ್‌ನಲ್ಲಿ ಹಾಜರಿ ಎಲ್ಲಾ ಮುಗಿಸ್ಕೊಂಡು ಯಾವಾಗ ಹಿಪ್ಪಾರ್ಕಸ್ ಓದ್ಬೇಕು ಪಾಪ? ಮಕ್ಕಳೂ ಅಷ್ಟೇ, ಎಂಟನೇ ಕ್ಲಾಸಿಗೇ ನೀಟ್ ಕೋಚಿಂಗ್. ಆದ್ರೂ ಸಂಪಾದಕರೇ, ಮುಂದಿನ ಸಂಚಿಕೆಲಿ ಒಬ್ಬ ಮೇಷ್ಟ್ರಿಗಾದ್ರೂ ಹತ್ತು ಪುಟ ಬಿಡಿ, ಅರ್ಥ ಆಗದಿದ್ರೂ ಪರ್ವಾಗಿಲ್ಲ, ಪ್ರಿಂಟಿಂಗ್ ಖರ್ಚು ನಾನು ಕೊಡ್ತೀನಿ. ಇದರ ಜೊತೆ ನನ್ ಫೋಟೋ ಹಾಕೋದಾದ್ರೆ ಡ್ರೆಸ್ಡೆನ್ದು ಹಾಕಿ, ಮೇಲ್ ಮಾಡಿದೀನಿ.