ಹೋದ ವರ್ಷದ್ದು ಬಂತಾ?

ಭಾನುವಾರದಿಂದ ಒಂದು ಮುಷ್ಟಿ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ದಪ್ಪ ಮುಷ್ಟಿ, ಬೆರಳಲ್ಲಿ ಪಚ್ಚೆ ಕಲ್ಲಿನ ಉಂಗುರ. ಒಬ್ಬ ಮುದುಕಿ ತನ್ನ ಸಣ್ಣ ಕೈಯಿಂದ ಅದನ್ನು ಬಿಡಿಸುತ್ತಿದ್ದಾರೆ, ಒಂದೊಂದೇ ಬೆರಳು. ಒಳಗೆ ಅಲಸಂಡೆ ಬೀಜ. ನಾಲ್ಕನ್ನು ಅಂಗೈಯಲ್ಲೇ ಬಿಟ್ಟು, ಉಳಿದದ್ದನ್ನೆಲ್ಲ ಹೆಕ್ಕಿ ವಾಪಸ್ ಡಬ್ಬಿಗೆ ಹಾಕಿದರು. "ಈತ್ ಯಾವು" ಅಂದರು. ಇಷ್ಟು ಸಾಕು ಅಂತ.

ಸುತ್ತ ನಿಂತವರೆಲ್ಲ ಒಂದು ಕ್ಷಣ ಸುಮ್ಮನಾದರು. ನಾನು ಓಡಿಹೋಗಿ ಆ ಸರ್ ಹತ್ತಿರ ಕ್ಷಮೆ ಕೇಳಿದೆ. ಅಂಗಡಿಯಿಂದ ತಂದಿದ್ದ ಬೀಜದ ಎರಡು ಪ್ಯಾಕೆಟ್ ಅವರ ಕೈಗಿಟ್ಟೆ. ಅವರು ಮುಖ ಕೆಂಪು ಮಾಡಿಕೊಂಡು, "ಪರವಾಗಿಲ್ಲ ಬಿಡಿ" ಅಂದರು. ನಾನು ಕ್ಷಮೆ ಕೇಳಿದ್ದು ಆ ಮುದುಕಿಗೂ, ನಮ್ಮ ದೊಡ್ಡಮ್ಮನಿಗೂ, ಕೇಳಿಸಿತು. ಅದೇ ಈಗ ನನ್ನನ್ನು ಚುಚ್ಚುತ್ತಿರುವುದು.

ಮಂಗಳೂರಿನ ವಾಮಂಜೂರಿನ ಆಚೆ ಒಂದು ಸರ್ಕಾರಿ ಶಾಲೆಯಲ್ಲಿ ನಾವು ಕೆಲವರು ಸೇರಿ ಪ್ರತಿ ವರ್ಷ ಕೈತೋಟದ ತರಗತಿ ಮಾಡುತ್ತೇವೆ. ಮೇ ಕೊನೆಯ ಹೊತ್ತಿಗೆ ತುಳುನಾಡಿನಲ್ಲಿ ಬರುವ ಪತ್ತನಾಜೆಗೆ ಮೊದಲಿನ ಭಾನುವಾರ. ಅವತ್ತು ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ನಾವು ಪಿಕ್ಕಾಸು ಹಿಡಿದಿರಬೇಕು. ಮೊದಲ ಮಳೆ ಬಿದ್ದು ನೆಲ ಹದವಾಗುವಾಗ ಬೀಜ ಕೈಯಲ್ಲಿಲ್ಲದಿದ್ದರೆ ಏನು ಪ್ರಯೋಜನ, ಅಲ್ವಾ? ಈ ಸಲ ನಲವತ್ತು ಜನ ಬರಬಹುದು ಅಂದುಕೊಂಡಿದ್ದೆವು. ಅರುವತ್ತು ದಾಟಿತು. ಬಿಜೈ, ಕದ್ರಿ, ಕುಲಶೇಖರದ ಫ್ಲ್ಯಾಟ್‌ಗಳಿಂದ ಬಂದವರೇ ಜಾಸ್ತಿ. ಟೆರೇಸ್‌ನಲ್ಲಿ ಗ್ರೋ ಬ್ಯಾಗ್ ಇಟ್ಟುಕೊಂಡವರು, ಮನೆಯವರ ಬೈಗುಳ ತಿಂದುಕೊಂಡೇ ಬಾಲ್ಕನಿಯಲ್ಲಿ ಬಸಳೆ ಹಬ್ಬಿಸಿದವರು. ಇವರನ್ನು ಕಂಡರೆ ನನಗೆ ಪ್ರೀತಿ. ಒಂದು ಹಿಡಿ ಹರಿವೆಗಾಗಿ ಮೂರು ಮಹಡಿ ಮಣ್ಣು ಹೊತ್ತ ಜನ.

ಪಾಠ ಮಾಡಿದವರು ತೋಟಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತರಾದ ಒಬ್ಬ ಸರ್. ಒಳ್ಳೆಯ ಮೇಷ್ಟ್ರು. ಪುಸ್ತಕ ಹಿಡಿಯುವುದಿಲ್ಲ, ಒಂದು ಬುಟ್ಟಿ ಮಣ್ಣು ತರಿಸಿ ಎದುರಿಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಷ್ಟು ನೀರು ಹರಿದರೆ ಮುರಮಣ್ಣಿನ ಸಾರವೂ ಸುಣ್ಣದ ಅಂಶವೂ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಅದಕ್ಕೇ ಹಿರಿಯರು ಸುಡುಮಣ್ಣು ಹಾಕುತ್ತಿದ್ದರು, ಬೂದಿ ಹಾಕುತ್ತಿದ್ದರು. ಸುಣ್ಣ ಹಾಕುವುದಾದರೆ ಎರಡು ವಾರ ಮೊದಲೇ ಹಾಕಿ, ಹಟ್ಟಿಗೊಬ್ಬರದ ಜೊತೆ ಒಟ್ಟಿಗೆ ಬೆರೆಸಬೇಡಿ, ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ ಅಂದರು. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ, ನಾಲ್ಕನೇ ವರ್ಷ.

ಆಮೇಲೆ ಬೀಜ ಹಂಚುವ ಹೊತ್ತು. ಜನ ಕಾಯುವುದೇ ಅದಕ್ಕೆ. ಒಂದು ಬೆಂಚಿನ ಮೇಲೆ ಪ್ಯಾಕೆಟ್‌ಗಳು, ಇನ್ನೊಂದರಲ್ಲಿ ಊರಿನವರು ತಂದ ಬೀಜ. ಬಿಳಿ ಬೆಂಡೆ, ಕೆಂಪು ಹರಿವೆ, ಸೌತೆ, ಹೀರೆ. ಅದರ ತುದಿಯಲ್ಲಿ ದೊಡ್ಡಮ್ಮ, ತೊಡೆಯ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು. ಅವರ ಮನೆ ಶಾಲೆಯ ಗೋಡೆಗೆ ತಾಗಿಯೇ ಇದೆ. ಊರಿಗೆಲ್ಲ ಅವರು ದೊಡ್ಡಮ್ಮ. ಡಬ್ಬಿಯಲ್ಲಿದ್ದದ್ದು ಅವರದ್ದೇ ಅಲಸಂಡೆ. ಮೊಳದುದ್ದ ಬೆಳೆಯುತ್ತದೆ, ತಿಳಿ ಹಸಿರು, ತುದಿಯಲ್ಲಿ ಒಂಚೂರು ನೇರಳೆ. ಪಲ್ಯಕ್ಕೆ ಹಾಕಿದರೆ ಬೆಂದೂ ಕರಗುವುದಿಲ್ಲ. ಮದುವೆಯಾಗಿ ಅತ್ತೆಯ ಮನೆಗೆ ಬರುವಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದಂತೆ.

ಬಂದವರಿಗೆಲ್ಲ ನಾಲ್ಕೇ ನಾಲ್ಕು ಕೊಡುತ್ತಿದ್ದರು. ಕೊಡುವ ಮೊದಲು ಒಂದು ಪ್ರಶ್ನೆ. "ಒಂದು ಕೋಡು ಬಳ್ಳಿಯಲ್ಲೇ ಬಿಡ್ತೀರಾ?" ಜನ ನಗುತ್ತಾ ಹ್ಞೂಂ ಅನ್ನುತ್ತಿದ್ದರು. ಉಂಗುರದ ಸರ್‌ಗೆ ಕಾಯುವ ತಾಳ್ಮೆ ಇರಲಿಲ್ಲ. ಡಬ್ಬಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದರು. ಮುಂದಿನದ್ದು ಹೇಳಿದ್ದೇನಲ್ಲ.

ಆ ಸರ್ ಕೆಟ್ಟವರಲ್ಲ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಈಗ ಟೆರೇಸಿನಲ್ಲಿ ಮೂವತ್ತು ಬ್ಯಾಗ್ ಇಟ್ಟಿದ್ದಾರೆ. ಆದರೆ ಪುಕ್ಕಟೆ ಸಿಗುವಾಗ ಕೈ ದೊಡ್ಡದಾಗುವುದನ್ನು ನಾನು ಎಷ್ಟು ಕಡೆ ನೋಡಿಲ್ಲ? ಗಿಡ ಹಂಚುವಲ್ಲಿ, ಗೊಬ್ಬರ ಹಂಚುವಲ್ಲಿ. ಒಬ್ಬರು ಹೋದ ವರ್ಷ ಹನ್ನೆರಡು ನುಗ್ಗೆ ಗಿಡ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋದರು, ಫ್ಲ್ಯಾಟಿನವರು.

ಚಹಾದ ಹೊತ್ತಿಗೆ ನಾನು ದೊಡ್ಡಮ್ಮನ ಹತ್ತಿರ ಹೋಗಿ ಕೂತೆ. ಬೈಯಬೇಕು ಅಂತಲ್ಲ. "ಅಮ್ಮ, ಬಂದವರಿಗೆ ಬೇಸರ ಆಗ್ತದೆ, ಸ್ವಲ್ಪ ನಿಧಾನ" ಅಂದೆ. ಅವರು ಚಹಾ ಊದುತ್ತಾ ನನ್ನನ್ನು ನೋಡಿದರು. "ಹೋದ ವರ್ಷದ್ದು ಬಂತಾ ಮಗಾ?"

ಮೊದಲು ಅರ್ಥ ಆಗಲಿಲ್ಲ. ಆಮೇಲೆ ನೆನಪಾಯಿತು. ಹೋದ ವರ್ಷ ಅವರು ಇದೇ ಡಬ್ಬಿ ತುಂಬಾ ಬೀಜ ತಂದು ನಮಗೆ ಕೊಟ್ಟಿದ್ದರು. ಎಣಿಸಿರಲಿಲ್ಲ. ಹಿಡಿ ಹಿಡಿ ಹಂಚಿದ್ದೆವು. "ಎಲ್ಲ ಖಾಲಿ ಆಯ್ತು ಅಮ್ಮ" ಅಂತ ಹೆಮ್ಮೆಯಿಂದ ಹೇಳಿ ಡಬ್ಬಿ ಹಿಂದೆ ಕೊಟ್ಟವಳು ನಾನೇ.

ಬಂತಾ? ಒಂದೂ ವಾಪಸ್ ಬರಲಿಲ್ಲ. ನಾನೂ ಹತ್ತು ಬೀಜ ತೆಗೆದುಕೊಂಡು ಹೋಗಿದ್ದೆ. ಚೆನ್ನಾಗಿ ಬೆಳೆದಿತ್ತು. ಆಟಿ ತಿಂಗಳ ಜೋರು ಮಳೆಯಲ್ಲೂ ಎರಡು ದಿನಕ್ಕೊಮ್ಮೆ ಕೊಯ್ದೆ. ಪಲ್ಯ ಮಾಡಿದೆ, ಪಕ್ಕದ ಮನೆಗೆ ಕೊಟ್ಟೆ, ಫೋಟೋ ಹಾಕಿದೆ. ಕೊನೆಯ ಕೋಡಿನವರೆಗೂ ತಿಂದೆ.

ರಾತ್ರಿಯೆಲ್ಲ ಅದೇ ಮಾತು. ಹೋದ ವರ್ಷದ್ದು ಬಂತಾ? ಸಿಟ್ಟಿನಿಂದ ಕೇಳಿದ್ದಲ್ಲ ಅವರು. ನೆರೆಮನೆಯವರು ಒಯ್ದ ಸೇರು ವಾಪಸ್ ಬಂತಾ ಅಂತ ಕೇಳುವ ಹಾಗೆ ಕೇಳಿದರು. ನಮ್ಮ ಪುಸ್ತಕದಲ್ಲಿ ಎಲ್ಲ ಲೆಕ್ಕ ಇದೆ. ಎಷ್ಟು ಜನ ಬಂದರು, ಎಷ್ಟು ಪ್ಯಾಕೆಟ್ ಹೋಯಿತು, ಯಾರ ಫೋನ್ ನಂಬರ್ ಏನು. ಹಿಂದೆ ಬಂದದ್ದರ ಲೆಕ್ಕಕ್ಕೆ ಒಂದು ಗೆರೆ ಕೂಡ ಇಲ್ಲ. ನಾಲ್ಕು ವರ್ಷದಿಂದ ಬೀಜ ಹಂಚುತ್ತಿದ್ದೇವೆ ಅಂತ ಹೇಳಿಕೊಳ್ಳುತ್ತೇವೆ. ನಾವು ಮಾಡಿದ್ದು ಹಂಚುವುದಲ್ಲ, ಖಾಲಿ ಮಾಡುವುದು.

ಮಂಗಳವಾರ ದೊಡ್ಡಮ್ಮನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ತೆಂಗಿನ ಗರಿ ಸೀಳುತ್ತಿದ್ದರು. ನಾನು ಏನು ಹೇಳಬೇಕು ಅಂತ ಯೋಚಿಸಿಕೊಂಡು ಹೋಗಿದ್ದೆನೋ ಅದು ಬಾಯಿಗೆ ಬರಲಿಲ್ಲ. "ಕಲಿಸಿ ಅಮ್ಮ" ಅಂದೆ, ಅಷ್ಟೇ.

ಒಳಗೆ ಕರೆದುಕೊಂಡು ಹೋದರು. ಅಡುಗೆ ಕೋಣೆಯಲ್ಲಿ ಗ್ಯಾಸ್ ಇದೆ, ಆದರೆ ಮೂಲೆಯ ಸೌದೆ ಒಲೆಯನ್ನು ತೆಗೆಸಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವಲ್ಲಿ, ಬೀಜದ ಕೋಡುಗಳ ಸಣ್ಣ ಕಟ್ಟು. ಗೋಡೆಯಲ್ಲಿ ಸೆಗಣಿಯಲ್ಲಿ ಒತ್ತಿ ಅಂಟಿಸಿದ ಸೌತೆ ಬೀಜ. ಬಾಟಲಿಯಲ್ಲಿ ಬೂದಿ ಬೆರೆಸಿಟ್ಟ ಅಲಸಂಡೆ. ಬೂದಿ ಹಾಕದಿದ್ದರೆ ಹುಳ ತೂತು ಮಾಡಿ ಹಿಟ್ಟು ಮಾಡಿಬಿಡುತ್ತದಂತೆ. ಮಳೆಗಾಲದ ಬೆಳೆಯಿಂದ ಬೀಜ ತೆಗೆಯಲು ಹೋಗಬೇಡ, ಕೋಡು ಒಣಗುವ ಮೊದಲೇ ಬಳ್ಳಿಯಲ್ಲಿ ಕೊಳೆಯುತ್ತದೆ ಅಂದರು. ಮಳೆಗಾಲದಲ್ಲಿ ಒಂದೆರಡು ಬಳ್ಳಿ ಉಳಿಸಿಕೊಂಡು, ದೀಪಾವಳಿ ಕಳೆದ ಮೇಲೆ ಬಿಡುವ ಕೋಡನ್ನು ಇಡಬೇಕು. ಇಲ್ಲದಿದ್ದರೆ ನಾಲ್ಕು ಬೀಜವನ್ನು ಆಗ ಮತ್ತೆ ಹಾಕಬೇಕು. ಒಳ್ಳೆಯ ಬಳ್ಳಿ ನೋಡಿ, ಅದರ ಉದ್ದದ ಕೋಡಿಗೆ ಕೆಂಪು ದಾರ ಕಟ್ಟಬೇಕು, ಮನೆಯವರು ಕೊಯ್ಯದ ಹಾಗೆ.

"ಕೋಡು ಬಲಿಯಲು ಬಿಟ್ಟರೆ ಬಳ್ಳಿ ಕಾಯಿ ಬಿಡುವುದು ಕಮ್ಮಿ ಮಾಡ್ತದಲ್ಲ?" ಅಂತ ಕೇಳಿದೆ. ಅದು ನಿಜ. ಎಳೆಯ ಕೋಡು ಕೊಯ್ದಷ್ಟೂ ಅಲಸಂಡೆ ಬಿಡುತ್ತಾ ಹೋಗುತ್ತದೆ. ಬೀಜ ಬಲಿಯಿತು ಅಂದರೆ ಬಳ್ಳಿಗೆ ತನ್ನ ಕೆಲಸ ಮುಗಿಯಿತು.

"ಕಮ್ಮಿ ಆಗ್ತದೆ. ಅಷ್ಟು ಬಿಡಬೇಕು" ಅಂದರು.

ಅಲಸಂಡೆ ಒಂದು ಲೆಕ್ಕದಲ್ಲಿ ಸುಲಭದ ಬೆಳೆ. ಹೂವು ಬಹುಮಟ್ಟಿಗೆ ತನ್ನಲ್ಲೇ ಪರಾಗ ಕಟ್ಟಿಕೊಳ್ಳುವುದರಿಂದ ಪಕ್ಕದ ಮನೆಯವರು ಬೇರೆ ಜಾತಿ ಬೆಳೆದರೂ ನಮ್ಮದು ಸಾಮಾನ್ಯವಾಗಿ ಕೆಡುವುದಿಲ್ಲ. ಸೌತೆ, ಹೀರೆ, ಕುಂಬಳ ಹಾಗಲ್ಲ, ಜೇನುನೊಣ ಬೆರೆಸಿಬಿಡುತ್ತದೆ. ಇನ್ನು ನಾನು ಆ ಸರ್‌ಗೆ ಕೊಟ್ಟ ಪ್ಯಾಕೆಟ್ ಹೈಬ್ರಿಡ್. ಅದರ ಬೀಜ ಇಟ್ಟರೂ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ. ಎಂಥ ಬೀಜವನ್ನು ಬಿಟ್ಟು ಎಂಥದ್ದನ್ನು ಕೊಟ್ಟು ಸಮಾಧಾನ ಮಾಡಿದೆ ನಾನು!

ಹೊರಡುವಾಗ ದೊಡ್ಡಮ್ಮ ಇನ್ನೊಂದು ಮಾತು ಹೇಳಿದರು. ಶಾಲೆಯ ತೋಟದಲ್ಲಿ ಹೋದ ಡಿಸೆಂಬರಿನಲ್ಲಿ ಅವರೇ ಎರಡು ಕೋಡಿಗೆ ದಾರ ಕಟ್ಟಿದ್ದರಂತೆ. ಬಿಸಿಯೂಟಕ್ಕೆ ತರಕಾರಿ ಕೊಯ್ಯುವ ದಿನ ನಾವು ಸ್ವಯಂಸೇವಕರು ಹೋಗಿ ಅದನ್ನೂ ಕೊಯ್ದೆವು. ನನಗೆ ಆ ದಾರ ನೆನಪಿದೆ. ಮಕ್ಕಳು ಆಟಕ್ಕೆ ಕಟ್ಟಿದ್ದು ಅಂತ ಬಿಚ್ಚಿ ಎಸೆದಿದ್ದೆ. ಬಲಿತು ನಾರಾಗಿದ್ದ ಕೋಡು, ಸಾಂಬಾರಿಗೂ ಆಗಿರಲಿಕ್ಕಿಲ್ಲ.

ಆ ತೋಟ ಇವತ್ತು ಹಸಿರಾಗಿದ್ದರೆ ಅದಕ್ಕೂ ಅವರೇ ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ. ನೀರು ಹಾಕಲು ಒಂಬತ್ತು ಜನ ಹೆಸರು ಕೊಟ್ಟಿದ್ದೆವು. ಎರಡನೇ ವಾರಕ್ಕೆ ಮೂವರು ಉಳಿದೆವು. ಆಮೇಲೆ ಯಾರು ಹಾಕಿದರು ಅಂತ ನಾನು ಕೇಳಲೂ ಇಲ್ಲ. ಗೋಡೆಯ ಆಚೆಯಿಂದ ಪೈಪ್ ಹಾಕುತ್ತಿದ್ದರು ದೊಡ್ಡಮ್ಮ.

ಮನೆಗೆ ಬರುವ ದಾರಿಯಲ್ಲಿ ಮಟ್ಟು ಗುಳ್ಳದ ನೆನಪಾಯಿತು. ಉಡುಪಿ ಕಡೆಯ ಕಟಪಾಡಿಯ ಹತ್ತಿರದ ಮಟ್ಟು ಅನ್ನುವ ಸಣ್ಣ ಊರಿನ ಬದನೆ. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಅನ್ನುವ ಕತೆ ನಮಗೆಲ್ಲ ಗೊತ್ತು. ಉಡುಪಿ ಕೃಷ್ಣ ಮಠದ ಪರ್ಯಾಯಕ್ಕೆ ಹೊರೆಕಾಣಿಕೆಯಲ್ಲಿ ಆ ಗುಳ್ಳ ಹೋಗುತ್ತದೆ. 2011ರಲ್ಲಿ ಅದಕ್ಕೆ ಆ ಊರಿನದ್ದೇ ವಿಶಿಷ್ಟ ಬೆಳೆ ಅನ್ನುವ ಜಿಐ ಮಾನ್ಯತೆ ಸಿಕ್ಕಾಗ ನಾವೆಲ್ಲ ಖುಷಿಪಟ್ಟೆವು. ಕೊಟ್ಟವರ ಕತೆ ಹೇಳುತ್ತೇವೆ, ಸರಿಯೇ. ಇಷ್ಟು ತಲೆಮಾರು ಪ್ರತಿ ವರ್ಷ ಒಳ್ಳೆಯ ಕಾಯಿಯನ್ನೇ ತಿನ್ನದೆ, ಮಾರದೆ, ಗಿಡದಲ್ಲೇ ಹಣ್ಣಾಗಲು ಬಿಟ್ಟ ಮಟ್ಟುವಿನ ಮನೆಯವರ ಕತೆಯನ್ನು ಯಾರು ಹೇಳುತ್ತಾರೆ? ಒಂದೇ ಒಂದು ವರ್ಷ ಊರಿನವರೆಲ್ಲ ನನ್ನ ಹಾಗೆ ಕೊನೆಯ ಕಾಯಿಯನ್ನೂ ಪಲ್ಯ ಮಾಡಿದ್ದರೆ? ನನ್ನ ಅಮ್ಮನ ಹತ್ತಿರವೂ ಒಂದು ಮುಳ್ಳುಸೌತೆ ಇತ್ತು, ಗಿಡ್ಡದ್ದು, ಬೆನ್ನಲ್ಲಿ ಬಿಳಿ ಗೆರೆ. ಅವರು ಹಾಸಿಗೆ ಹಿಡಿದ ವರ್ಷ ನಾವು ಮೂವರು ಮಕ್ಕಳೂ ಅದರ ಬೀಜ ಇಡಲಿಲ್ಲ. ಈಗ ಎಲ್ಲಿ ಹುಡುಕಲಿ?

ನಮ್ಮ ತಂಡದಲ್ಲಿ ಒಬ್ಬಳು ಕಾಲೇಜು ಹುಡುಗಿ ಇದ್ದಾಳೆ. ಚುರುಕು, ಲೆಕ್ಕವೆಲ್ಲ ಅವಳದ್ದೇ. ಮುಂದಿನ ವರ್ಷದಿಂದ ಊರಿನ ಬೀಜ ಒಬ್ಬರಿಗೆ ನಾಲ್ಕೇ, ಹಿಂದೆ ತಂದವರ ಹೆಸರು ಬೇರೆ ಬರೆಯೋಣ ಅಂದೆ. "ಹಾಗೆ ಮಾಡಿದರೆ ಜನ ಬರುವುದಿಲ್ಲ ಅಕ್ಕ" ಅಂದಳು. ಇರಬಹುದು. ಅರುವತ್ತರ ಬದಲು ಇಪ್ಪತ್ತು ಜನ ಬರಲಿ. ಅವರಲ್ಲಿ ಐದು ಜನ ಹಿಂದೆ ತಂದರೂ ನನಗೆ ಅದೇ ದೊಡ್ಡ ತರಗತಿ.

ಉಂಗುರದ ಸರ್ ಬುಧವಾರ ಫೋನ್ ಮಾಡಿದ್ದರು. ದೂರು ಇರಬಹುದು ಅಂದುಕೊಂಡೇ ಎತ್ತಿದೆ. "ಆ ಅಮ್ಮ ಕೊಟ್ಟ ಬೀಜವನ್ನು ರಾತ್ರಿ ನೆನೆಸಬೇಕಾ, ಹಾಗೇ ಹಾಕಬಹುದಾ?" ಅಂತ ಕೇಳಿದರು. ಹಾಗೇ ಹಾಕಿ ಅಂದೆ, ಬೆರಳಿನ ಒಂದು ಗೆಣ್ಣು ಆಳಕ್ಕೆ. "ಕೋಡು ಬಿಡಲು ಹೇಳಿದ್ದಾರಲ್ಲ, ಎಷ್ಟು ದಿನ ಬಿಡಬೇಕು?" ಅಂದರು. ಹಳದಿಯಾಗಿ, ಒಣಗಿ, ಅಲ್ಲಾಡಿಸಿದರೆ ಒಳಗೆ ಸದ್ದು ಬರುವವರೆಗೆ ಅಂದೆ. ಅವರು ಬರೆದುಕೊಳ್ಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು, ಒಂದೊಂದೇ ಶಬ್ದ ತಿರುಗಿ ಹೇಳುತ್ತಾ.

ಮಂಗಳವಾರ ಹೊರಡುವಾಗ ನಾನೂ ಕೈ ಒಡ್ಡಿದ್ದೆ. ದೊಡ್ಡಮ್ಮ ಬಾಟಲಿ ಬಗ್ಗಿಸಿ, ಬೂದಿ ಊದಿ, ನನಗೂ ನಾಲ್ಕೇ ಹಾಕಿದರು. ಅದೇ ಪ್ರಶ್ನೆ ಕೇಳಿದರು. ನಾನು ನಗದೆ ಹ್ಞೂಂ ಅಂದೆ. ಆ ಸಂಜೆಯೇ ಬಾವಿಕಟ್ಟೆಯ ಪಕ್ಕದ ಬೇಲಿಯ ಬುಡದಲ್ಲಿ ಹಾಕಿದೆ. ರಾತ್ರಿ ಸಣ್ಣ ಮಳೆಯೂ ಬಂತು. ಇವತ್ತು ಶನಿವಾರ, ಮೂರು ಎದ್ದಿವೆ. ಇನ್ನೊಂದರ ಮೇಲೆ ಮಣ್ಣು ಸ್ವಲ್ಪ ಬಿರಿದ ಹಾಗೆ ಕಾಣುತ್ತಿದೆ.