ಆಯಿ, ನಾನು ಮತ್ತು ಸಿಟಿ 17

ಹೋದ ವಾರ ಧಾರವಾಡದಲ್ಲಿ ಜಡಿಮಳೆ. ಹೊರಗೆ ಹೋಗೋ ಹಾಗಿರಲಿಲ್ಲ. ಸುಮ್ನೆ ಹಾಫ್-ಲೈಫ್ 2 ಹಾಕಿದೆ. 2004ರ ಗೇಮ್, ನನ್ನ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಪಕ್ಕದಲ್ಲಿ ಆಯಿ ಮೆಂತೆಪಲ್ಯ ಸೋಸುತ್ತಾ ಕೂತಿದ್ದಳು.

ಆಟ ಶುರುವಾಗುವುದು ಸಿಟಿ 17ರ ರೈಲು ನಿಲ್ದಾಣದಲ್ಲಿ. ದೊಡ್ಡ ಪರದೆಯ ಮೇಲೆ ಬ್ರೀನ್ ಅನ್ನೋ ಮನುಷ್ಯನ ಭಾಷಣ.

"ಇಂವಾ ಯಾರು, ರಾಜಾ ಏನು?" ಅಂದಳು ಆಯಿ.

ಅಲ್ಲ. ಬೇರೆ ಲೋಕದ ಕಂಬೈನ್ ಅನ್ನುವವರು 7 ಗಂಟೆಯಲ್ಲಿ ಇಡೀ ಭೂಮಿಯನ್ನು ಸೋಲಿಸಿದರು. ಶರಣಾಗತಿಯ ಮಾತುಕತೆ ನಡೆಸಿದವನು ಇವನು. ಅದಕ್ಕೇ ಇವನಿಗೆ ಕುರ್ಚಿ. ಬೀದಿಯಲ್ಲಿ ಲಾಠಿ ಹಿಡಿದು ನಿಂತವರೂ ಮನುಷ್ಯರೇ, ಹೊಟ್ಟೆತುಂಬ ಊಟ ಸಿಗಲಿ ಅಂತ ಸೇರಿಕೊಂಡವರು. ಅವರಲ್ಲೊಬ್ಬ ಬೇಕಂತಲೇ ಡಬ್ಬಿ ಕೆಡವಿ, ಎತ್ತಿ ಕಸದ ಬುಟ್ಟಿಗೆ ಹಾಕು ಅನ್ನುತ್ತಾನೆ. ನಾನು ಪ್ರತಿ ಸಲ ಅವನ ಮೇಲೇ ಎಸೆದು ಏಟು ತಿಂತೀನಿ.

ಬ್ರೀನ್ ಒಂದು ಪತ್ರ ಓದುತ್ತಾನೆ. ನಮಗೆ ಮಕ್ಕಳಾಗದಂತೆ ಯಾಕೆ ತಡೆದಿದ್ದೀರಿ ಅಂತ ಯಾರೋ ಕೇಳಿದ್ದಾರೆ. ಉತ್ತರದ ಬದಲು ಉದ್ದನೆಯ ಉಪದೇಶ. ಆ ಊರಲ್ಲಿ ಮಕ್ಕಳು ಆಡೋ ಜಾಗ ಇದೆ, ಮಕ್ಕಳೇ ಇಲ್ಲ.

ಇದನ್ನು ಕನ್ನಡದಲ್ಲಿ ಹೇಳಿದೆ. ಆಯಿ ಪಲ್ಯ ಕೆಳಗಿಟ್ಟಳು. "ಕಿತ್ತೂರಾಗ ದತ್ತಕ ನಡ್ಯಾಂಗಿಲ್ಲ ಅಂದಿದ್ರಲ್ಲ, ಹಂಗ ಆತಲ್ಲ ಇದು!"

ಇಷ್ಟು ವರ್ಷ ಆಡಿದ್ದೀನಿ, ನನಗಿದು ಹೊಳೆದೇ ಇರಲಿಲ್ಲ. 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡ. ದತ್ತುಮಗನನ್ನು ನಮ್ಮ ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಸೀಲು ಬಿತ್ತು. ಸಂಸ್ಥಾನ ನುಂಗಲು ತೋಪು ಬೇಕಾಗಿಲ್ಲ, ವಾರಸುದಾರ ಇಲ್ಲ ಅಂತ ಒಂದು ಕಾಗದ ಸಾಕು ಅಂತ ಕಂಪನಿಯವರ ಲೆಕ್ಕ. ಚೆನ್ನಮ್ಮ ಒಪ್ಪಬೇಕಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಆಮೇಲೆ ನರಗುಂದದ ಬಾಬಾಸಾಹೇಬರಿಗೂ ದತ್ತು ಬೇಡ ಅಂದರು. 1858ರಲ್ಲಿ ಅವರೂ ತಿರುಗಿಬಿದ್ದರು. ಕಂಪನಿ ಕಣ್ಣಿಟ್ಟಿದ್ದು ಅರಮನೆಯ ತೊಟ್ಟಿಲ ಮೇಲೆ ಮಾತ್ರ. ಕಂಬೈನ್ ಎಲ್ಲರ ಮನೆ ತೊಟ್ಟಿಲನ್ನೂ ಬಿಡಲಿಲ್ಲ.

ಈ ಗೇಮಿನ ಮುಂದಿನ ಭಾಗ, 2006ರ ಎಪಿಸೋಡ್ ಒನ್‌ನಲ್ಲಿ, ಮಕ್ಕಳಾಗದಂತೆ ಹಾಕಿದ್ದ ಆ ತಡೆ ಹೋಗಿರುತ್ತದೆ. ಬ್ರೀನ್ ಮಾತಾಡುತ್ತಿದ್ದ ಪರದೆಗಳಲ್ಲೇ ವಿಜ್ಞಾನಿ ಕ್ಲೈನರ್ ಬಂದು, ಮಕ್ಕಳು ಮಾಡಿಕೊಳ್ಳಲು ಇದೇ ಒಳ್ಳೇ ಹೊತ್ತು ಅನ್ನುತ್ತಾನೆ. ಆಯಿಗೆ ಅದನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತು.

"ಹಂಗಾರ ನಿಂದೇನಪಾ ಅಡ್ಡಿ? ಆ ಗದಗಿನವ್ರ ಮನಿಗೆ ಫೋನ್ ಹಚ್ಚಲೇನು?"